ಎದ್ದು ನಿಂತ ಹಾಲವ್ವ

ಪಕ್ಕದ ಮನೆಯವರು ಬೆಳಿಗ್ಗೆಯಿಂದ ಗೇಟಿಗೆ ಬೆಳ್ಳಿ ಬಣ್ಣ ಬಳಿಸುತ್ತಿದ್ದಾರೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಪೇಪರ್ ತೆರೆದೆ, ಮಡಚಿದೆ. ಚಹಾ ಮಾಡಿಕೊಂಡು ಕುಡಿಯುವುದನ್ನೇ ಮರೆತೆ. "ಇರಿವಿ ಕಡಿದೋರಂಗೆ ಯಾಕ ಓಡಾಡ್ತೀರಿ?" ಎಂದು ನನ್ನಾಕೆ ರೇಗಿದಳು. ಅವಳಿಗೆ ಹೇಳಿ ಹೇಳಿ ಹಳತಾಗಿದೆ. ನಿಮಗೆ ಹೇಳುತ್ತೇನೆ, ಕೇಳಿ. ಇದೇ ಬಣ್ಣ ಬಳಿದು ನಮ್ಮ ಸೋದರತ್ತೆಯನ್ನು ಸರ್ಕಲ್ಲಿನಲ್ಲಿ ನಿಲ್ಲಿಸಿದ್ದಾರೆ.

ಅತ್ತೆಯ ಹೆಸರು ಹಾಲವ್ವ. ಹಾಲು ಹೆಸರಿಗಷ್ಟೇ, ಮೈಬಣ್ಣ ಕರಿ ಎಳ್ಳು. ಬ್ರಿಟಿಷರಿದ್ದ ಕಾಲದಲ್ಲಿ ಕುಕ್ಕುವಾಡದಿಂದ ಬಂದು ದಾವಣಗೆರೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿ ಮಾಡುತ್ತಿದ್ದಳು. ಒಮ್ಮೆ ಹರಿಹರದ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ಖಾಲಿ ಬೆಂಚೊಂದರ ಮೇಲೆ ಕೂತಳಂತೆ. ಅದು ಬಿಳಿಯರಿಗೆ ಮೀಸಲಾದ ಬೆಂಚು. ಒಬ್ಬ ಸಾಹೇಬ ಬಂದು ಬೋರ್ಡು ತೋರಿಸಿ, ಕರಿಯರು ಇಲ್ಲಿ ಕೂರುವಂತಿಲ್ಲ ಎಂದು ಪೋರ್ಟರನಿಂದ ಹೇಳಿಸಿದ. ಅತ್ತೆ ಏಳಲಿಲ್ಲ. ರೈಲು ಬಂದು ಹೋಯಿತು, ಆಗಲೂ ಏಳಲಿಲ್ಲ. ಪೊಲೀಸರು ಎತ್ತಿಕೊಂಡೇ ಹೋಗಬೇಕಾಯಿತು. ಲಾಕಪ್ಪಿನಿಂದ ಬಿಟ್ಟ ಮೇಲೆ ನೆಟ್ಟಗೆ ಬಂದು ಅದೇ ಬೆಂಚಿನ ಮೇಲೆ ಕೂತಳು. ಈ ಸಲ ಜಿನ್ನಿನ ಹೆಂಗಸರೂ ಜೊತೆಗಿದ್ದರು. ಕೊನೆಗೆ ಬೋರ್ಡೇ ಹೋಯಿತು.

"ಅಷ್ಟು ಧೈರ್ಯ ಹೆಂಗೆ ಬಂತು ಅತ್ತಿ?" ಎಂದು ನಾನು ಕೇಳುತ್ತಿದ್ದೆ.

"ಧೈರ್ಯ ಏನೂ ಇಲ್ಲ ತಮ್ಮ. ನಂಗೆ ಬೋರ್ಡ್ ಓದಾಕ ಬರ್ತಿರಲಿಲ್ಲ, ಅದಕ್ಕ ಕೂತೆ. ಅವ್ನು ಓದಿಸಿ ಹೇಳಿದ ಮ್ಯಾಲೆ ಏಳಾಕ ಮನಸ್ಸು ಬರ್ಲಿಲ್ಲ."

ಎಂಬತ್ತರ ದಶಕದ ಶುರುವಿನಲ್ಲಿ ಊರಿನವರಿಗೆ ಅತ್ತೆಯ ನೆನಪಾಯಿತು. ಮೂರ್ತಿ ಸಮಿತಿಯೊಂದು ಹುಟ್ಟಿತು. ಬದುಕಿರುವವರಿಗೆ ಮೂರ್ತಿಯೇ ಎಂದು ನಮ್ಮ ಮನೆಯವರು ಮುಖ ಹಿಂಡಿದರು, ಅತ್ತೆ ಮಾತ್ರ ಒಳಗೊಳಗೇ ಹಿಗ್ಗಿದಳು. ಕೇಳಿದ್ದು ಒಂದೇ: "ನನ್ನ ಕೂತಂಗೆ ಮಾಡ್ರಿ."

ಸಮಿತಿಯ ಅಧ್ಯಕ್ಷರು ಬಟ್ಟೆ ಅಂಗಡಿಯ ಸಾಹುಕಾರರು. ಒಳ್ಳೆಯ ಮನುಷ್ಯ, ಮನೆಗೇ ಬಂದು ಕೈ ಮುಗಿದರು. "ಹಾಲವ್ವ, ನಮ್ ಜನ ನಿಂಗೆ ಗೊತ್ತಿಲ್ಲೇನು? ಕೂತ ಹೆಣ್ಮೂರ್ತಿ ಕಂಡ್ರೆ ಕುಂಕುಮ ಹಚ್ತಾರೆ, ಕಾಯಿ ಒಡೀತಾರೆ, ಉಡಿ ತುಂಬ್ತಾರೆ. ಎರಡು ಅಮಾಸಿ ಕಳಿಯೋದ್ರಾಗೆ ಸರ್ಕಲ್ ಹೋಗಿ ಗುಡಿ ಆಗ್ತೈತೆ. ನಿಂತು ಕೈ ಎತ್ತಿದ್ರೆ ಲೀಡರ್ ಅಂತ ಸುಮ್ನಾಗ್ತಾರೆ."

ಅವರ ಮಾತು ಸುಳ್ಳೆನ್ನಲಾರೆ. ನಮ್ಮ ಕಡೆ ಮೈಲಿಗಲ್ಲಿಗೂ ಒಮ್ಮೊಮ್ಮೆ ಅರಿಶಿನ ಬೀಳುತ್ತದೆ. ಹರಿಹರದ ಶಿಲ್ಪಿಯೂ ಅದಕ್ಕೇ ತಲೆಯಾಡಿಸಿದ. ಸಿಮೆಂಟಿನ ಹಾಲವ್ವ ಕೈ ಎತ್ತಿ ನಿಂತಳು. ಮೈಗೆಲ್ಲ ಬೆಳ್ಳಿ ಬಣ್ಣ. ಬಿಳಿಯರ ಜೊತೆ ಜಗಳವಾಡಿದವಳನ್ನು ಬಿಳಿ ಮಾಡಿಬಿಟ್ಟಿರಲ್ಲ ಎಂದು ನಾನು ಗೊಣಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ಅನಾವರಣದ ದಿನ ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ಮೂರ್ತಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಮುಖ್ಯ ಅತಿಥಿಗಳ ಕಾರು ಬಂತು. ಅಧ್ಯಕ್ಷರು ಬೆವರಿದರು. "ಏಳವ್ವ, ವೇದಿಕಿಗೆ ಬಾ."

"ಅಕಿನ್ನ ಕೂಡಿಸ್ರಿ, ನಾನು ಏಳ್ತೀನಿ."

ನಾನು ಕಟ್ಟೆಗೂ ವೇದಿಕೆಗೂ ನಡುವೆ ಓಡಾಡಿ ಓಡಾಡಿ ಚಪ್ಪಲಿ ಕಿತ್ತುಕೊಂಡೆ. ಅತಿಥಿಗಳಿಗೆ ಹರಿಹರದಲ್ಲಿ ಇನ್ನೊಂದು ಸಮಾರಂಭವಿತ್ತು. ಕಾಯಲಾರದೆ ಹಗ್ಗ ಎಳೆದೇಬಿಟ್ಟರು. ಮೂರ್ತಿಯ ಮೇಲಿನ ಬಟ್ಟೆ ಜಾರಿ ಪೂರ್ತಿ ಅತ್ತೆಯ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಬಟ್ಟೆಯೊಳಗಿನಿಂದ ಅವಳ ದನಿ ಬಂತು: "ನಾನಿನ್ನೂ ಕೂತೇ ಅದೀನಿ ನೋಡ್ರಿ!"

ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮುಂದಿನ ಶುಕ್ರವಾರವೇ ಯಾರೋ ನಿಂತ ಮೂರ್ತಿಯ ಪಾದಕ್ಕೆ ಕುಂಕುಮವಿಟ್ಟು ಕಾಯಿ ಒಡೆದಿದ್ದರು. ಸುದ್ದಿ ಕೇಳಿ ಅತ್ತೆ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ನಿಂತ್ರೂ ಕಾಯಿ ಬಿತ್ತು. ಕೂತಿದ್ರೆ ಇನ್ನೇನು ಆಗ್ತಿತ್ತು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಸಾಯೇಬನ ಕೈಲಿ ನನ್ನ ಎಬ್ಬಿಸಾಕ ಆಗ್ಲಿಲ್ಲ ತಮ್ಮ. ನಮ್ಮೋರು ಹಾರ ಹಾಕಿ ಎಬ್ಬಿಸಿಬಿಟ್ರು."

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅಂದೇ. ಇದ್ದಷ್ಟು ಕಾಲ ಆ ಸರ್ಕಲ್ಲು ತಪ್ಪಿಸಿ ಸಂದಿಯಲ್ಲೇ ಸಂತೆಗೆ ಹೋಗುತ್ತಿದ್ದಳು. ಅವಳು ಹೋದ ಮೇಲೂ ನನ್ನ ಸಿಟ್ಟು ಹೋಗಿಲ್ಲ. ಯಾರ ಮೇಲೆಂದು ಕೇಳಿದರೆ ಹೇಳಲು ಬರುವುದಿಲ್ಲ. ಅಧ್ಯಕ್ಷರು ಕೆಟ್ಟವರಲ್ಲ, ಕಾಯಿ ಒಡೆದವರೂ ಕೆಟ್ಟವರಲ್ಲ.

ಇವತ್ತು ಬಣ್ಣದ ವಾಸನೆ ತಾಳಲಾರದೆ ಮನೆಯಿಂದ ಹೊರಬಿದ್ದವನು ಬಹಳ ವರ್ಷಗಳ ಮೇಲೆ ಆ ಸರ್ಕಲ್ಲಿಗೇ ಹೋದೆ. ಮೂರ್ತಿಯ ನೆರಳಿನಲ್ಲಿ, ಕಟ್ಟೆಯ ಮೇಲೆ, ಕೆಲಸ ಮುಗಿಸಿದ ಹೆಂಗಸೊಬ್ಬಳು ಊಟದ ಡಬ್ಬಿ ಪಕ್ಕಕ್ಕಿಟ್ಟು ಬಸ್ಸಿಗೆ ಕಾಯುತ್ತಾ ಕೂತಿದ್ದಳು. ನನ್ನ ನರೆತ ತಲೆ ಕಂಡು, ಕೂರಬಾರದ ಕಡೆ ಕೂತವಳಂತೆ ಗಡಬಡಿಸಿ ಏಳತೊಡಗಿದಳು.

"ಏಳಬ್ಯಾಡವ್ವ, ಕೂತ್ಕ," ಎಂದೆ. "ಇದು ಕೂಡೋ ಜಾಗನೇ."