ಸಾವಿನ ಮನೆಗೆ ಬಂದ ಅಪ್ಪಂ

ಪುತ್ತೂರಿನ ಕೊಂಕಣಿ ಮನೆಯಿಂದ ಕೋಡಿಂಬಾಳದ ಮಲಯಾಳಿ ಮನೆಗೆ ಸೊಸೆಯಾಗಿ ಬಂದ ಪ್ರೆಸಿಲ್ಲಾ ಪ್ರಾರ್ಥನೆ ನಿಲ್ಲಿಸಿದ್ದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಜಪಮಾಲೆಗೆ ಎಲ್ಲರೊಡನೆ ಚಾಪೆಯ ಮೇಲೆ ಕೂರುತ್ತಿದ್ದಳು, ತುಟಿಯೂ ಆಡುತ್ತಿತ್ತು. ಒಳಗೆ ಮಾತ್ರ ಏನೂ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ದಿನ ತುಂಬಿದ ಹೆಣ್ಣು ಮಗು. ಗಂಡ ಶಿಜೋ ಟವೆಲಿನಲ್ಲಿ ಸುತ್ತಿ ಇಗರ್ಜಿಯ ಸ್ಮಶಾನಕ್ಕೆ ಕೊಂಡುಹೋದ. ತಾಯಿಗೆ ಮುಖ ತೋರಿಸುವುದು ಬೇಡವೆಂದು ಉಳಿದವರೇ ತೀರ್ಮಾನಿಸಿದ್ದರು. ಮಗುವಿಲ್ಲವೆಂದು ಹಾಲಿಗೆ ಗೊತ್ತಾಗಬೇಕಲ್ಲ? ಎದೆ ಕಲ್ಲಾಯಿತು, ನೈಟಿ ಒದ್ದೆಯಾಗುತ್ತಿತ್ತು. ಅತ್ತೆ ಏಲಿಯಾಮ್ಮ ಎದೆಗೆ ಮಲ್ಲಿಗೆ ಹೂ ಕಟ್ಟಿ ಹಾಲು ಬತ್ತಿಸಿದರು. "ಇನ್ನೊಂದು ಆಗ್ತದೆ ಮೋಳೇ, ಇದನ್ನು ಮರೆತುಬಿಡು" ಎಂದರು. ಏಳನೆಯ ದಿನದ ಪ್ರಾರ್ಥನೆಯಿಲ್ಲ, ಹೆಸರಿಲ್ಲ. ಮನೆಯವರ ಬಾಯಲ್ಲಿ ಮಗು 'ಆ ವಿಷಯ'ವಾಗಿ ಉಳಿಯಿತು.

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಬಂತು. ಅಂದು ಸಂಜೆ ಮಲಯಾಳಿ ಕ್ರೈಸ್ತರ ಮನೆಗಳಲ್ಲಿ ಪೆಸಹಾ ಅಪ್ಪಂ ಆಗಬೇಕು: ಹುಳಿ ಬರಿಸದ ಅಕ್ಕಿ-ಉದ್ದಿನ ಹಿಟ್ಟು ಬೇಯಿಸಿ, ಮೇಲೆ ತೆಂಗಿನ ಗರಿಯ ಶಿಲುಬೆ ಇಟ್ಟು, ಯಜಮಾನ ಮುರಿದು ಹಂಚುವುದು. ವರ್ಷದೊಳಗೆ ಸಾವಾದ ಮನೆಯಲ್ಲಿ ಮಾಡುವಂತಿಲ್ಲ, ನೆರೆಯವರು ತಂದುಕೊಡಬೇಕು.

ಬೆಳಿಗ್ಗೆ ಏಲಿಯಾಮ್ಮ ಅಕ್ಕಿ ನೆನೆಹಾಕುತ್ತಿದ್ದರು.

"ಅಮ್ಮಚ್ಚೀ, ಸಾವಾದ ಮನೆಯಲ್ಲಿ ಮಾಡ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ?" ಎಂದು ಅತ್ತೆಯನ್ನು ಕೇಳಿದಳು ಪ್ರೆಸಿಲ್ಲಾ.

"ಹೌದು. ಇಲ್ಲಿ ಯಾರು ಸತ್ತದ್ದು?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ; ಅದೇ ಹೆಚ್ಚು ಚುಚ್ಚಿತು. ಅಂಗಳದಲ್ಲಿ ರಬ್ಬರ್ ಶೀಟು ಒಣಗಹಾಕುತ್ತಿದ್ದ ಶಿಜೋ ತಲೆ ಎತ್ತಲಿಲ್ಲ. ಪ್ರೆಸಿಲ್ಲಾ ತೆಂಗಿನಕಾಯಿ ತುರಿದುಕೊಟ್ಟಳು. ಹುಟ್ಟಿಯೇ ಇಲ್ಲದವಳಿಗೆ ಸಾವೆಲ್ಲಿಂದ? ಹಾಗಾದರೆ ತಾನು ಹೊತ್ತದ್ದು ಏನು? ದಿನವಿಡೀ ಅದೇ ಯೋಚನೆ. ಸಂಜೆ ಇಗರ್ಜಿಗೂ ಹೋಗಲಿಲ್ಲ.

ಎಲ್ಲರೂ ಮರಳಿ, ಒಲೆಯ ಮೇಲೆ ಅಪ್ಪಂ ಬೇಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಆಚೆಮನೆಯ ತ್ರೇಸ್ಯಮ್ಮ ಬಂದರು, ಕೈಯಲ್ಲಿ ಮುಚ್ಚಿದ ಪಾತ್ರೆ. ಕೋಳಿಗಳ ತಕರಾರಿನಿಂದ ಎರಡು ಮನೆಗೂ ಮಾತು ಕಡಿಮೆ.

"ಇದೆಂತ ಚೇಡತ್ತಿ? ನಮ್ಮಲ್ಲಿ ಬೇಯ್ತಾ ಉಂಟಲ್ಲ" ಎಂದರು ಏಲಿಯಾಮ್ಮ.

"ಬೇಯ್ತಾ ಉಂಟಾ? ಮಗು ಹೋದ ಮನೆಯಲ್ಲಿ? ಏಲಿಯಾಮ್ಮ, ನಿನ್ನ ತಲೆಯನ್ನೂ ನನ್ನ ಕೋಳಿ ಕುಕ್ಕಿತಾ?"

"ಅದಕ್ಕೆ ಜ್ಞಾನಸ್ನಾನ ಆಗಿಲ್ಲ, ಹೆಸರಿಲ್ಲ..."

"ಹೆಸರಿಲ್ಲ ಅಂತ ವಾಪಸು ಕಳಿಸ್ಲಿಕ್ಕೆ ಕರ್ತನೆಂತ ರೇಷನ್ ಅಂಗಡಿ ನಡೆಸುದಾ? ತಾಯಿ ಹೊಟ್ಟೆಯಲ್ಲಿ ಉಂಟು ಮಾಡಿದವನಿಗೆ ಅವಳ ಗುರ್ತ ಇಲ್ವಾ? ಹಿಡಿ, ಬಿಸಿ ಉಂಟು."

ಪಾತ್ರೆಯನ್ನು ಪ್ರೆಸಿಲ್ಲಾಳ ಕೈಗೇ ಇಟ್ಟು ಹೋದರು.

ಏಲಿಯಾಮ್ಮ ಬೇಯುತ್ತಿದ್ದ ಅಪ್ಪಂನ ಮುಚ್ಚಳ ಎತ್ತಿ ನೋಡಿದರು. ಆಮೇಲೆ ಗ್ಯಾಸ್ ಆರಿಸಿದರು.

ಶಿಜೋ ತ್ರೇಸ್ಯಮ್ಮನ ಅಪ್ಪಂ ಮುರಿದ. ಪ್ರೆಸಿಲ್ಲಾ ಎರಡೂ ಕೈಯೊಡ್ಡಿ ತೆಗೆದುಕೊಂಡಳು, ಬಾಯಿಗಿಡಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಒಳಗಿನಿಂದ ಒಂದು ಮಾತು ಎದ್ದಿತು, ಪ್ರಾರ್ಥನೆಗಿಂತ ಹೆಚ್ಚಾಗಿ ಜಗಳದಂತೆ: ನಿನ್ನ ಹತ್ತಿರ ಇದ್ದಾಳಾದರೆ ಸರಿಯಾಗಿ ನೋಡಿಕೋ. ನಾನು ಬಂದು ಕೇಳುತ್ತೇನೆ.

ಅತ್ತುಕೊಂಡೇ ತಿಂದಳು.

"ಅವಳನ್ನು ಎಲ್ಲಿ ಇಟ್ಟದ್ದು? ನಾಳೆ ಶುಕ್ರವಾರದ ಪ್ರಾರ್ಥನೆ ಆದ ಮೇಲೆ ನನಗೆ ತೋರಿಸ್ತೀರಾ?"

ಶಿಜೋ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟ. "ಗೋಡೆ ಹತ್ತಿರ. ಒಂದು ಕಲ್ಲು ಇಟ್ಟಿದ್ದೇನೆ. ಭಾನುವಾರ ಪೂಜೆ ಬಿಟ್ಟ ಮೇಲೆ ನಾನು ತಡ ಮಾಡಿ ಬರುದು ಅದಕ್ಕೇ."

ಅವಳು ಅವನ ಮುಖವನ್ನೇ ನೋಡಿದಳು.

ಏಲಿಯಾಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನೂ ಬರ್ತೇನೆ. ಓಡ್ಬೇಡಿ ಮಾತ್ರ, ನನಗೆ ಮಂಡಿನೋವು ಉಂಟು."