ಗೋದಾಮಿನಲ್ಲಿ ಓದಿದ ಕರಾಳ ಕಾದಂಬರಿ

ನನಗೆ ಭಯಾನಕ ಕಾದಂಬರಿಗಳ ಹುಚ್ಚು. ಪಾಳು ಬಂಗಲೆ, ಶಾಪ ಹೊತ್ತ ವಂಶ, ಸತ್ತ ಮೇಲೂ ಸುಮ್ಮನಿರದ ಗಂಡಂದಿರು ಇರಬೇಕು. ಅದರಲ್ಲೂ ಹೊಸ ಲೇಖಕರೇ ಬೇಕು. ಹಳಬರು ಬರೆಯುತ್ತ ಬರೆಯುತ್ತ ಪಾತ್ರಗಳ ಮೇಲೆ ಮರುಕಪಟ್ಟು, ಕೊನೆಗೆ ಯಾರನ್ನಾದರೂ ಬದುಕಿಸಿಬಿಡುತ್ತಾರೆ. ಥೂ! ಹೊಸಬರಿಗೆ ಆ ರೋಗ ಇನ್ನೂ ತಗುಲಿರುವುದಿಲ್ಲ.

ನಾನು ಶಿರಂಗಾಲದ ರೈತರ ಮನೆಯವಳು. ನೆಲ್ಯಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್, ಎಂದರೆ ಹಾಜರಿ ಬರೆದು ಆಳುಗಳ ಬೆನ್ನು ಹತ್ತುವ ಕೆಲಸ. ಹಣ್ಣು ಕೊಯ್ಯುವ ಪಿಕಿಂಗ್ ಮುಗಿದ ಮೇಲೆ, ಆಳುಗಳಿಗೆಂದು ಕಟ್ಟಿದ ಲೈನ್ ಮನೆಗಳ ಹೆಂಗಸರು ಗೋದಾಮಿನಲ್ಲಿ ಸಾಲಾಗಿ ಕೂತು ಕಾಫಿ ಬೀಜದಿಂದ ಕಪ್ಪು ಕಾಳು ಆರಿಸುತ್ತಾರೆ. ಹರಟೆಗೆ ಕೂತರೆ ಕೈ ನಿಲ್ಲುತ್ತದೆ. ಅದಕ್ಕೆ ನಾನು ಮೊಬೈಲಿನಲ್ಲಿ ಬರುವ ಧಾರಾವಾಹಿ ಕಾದಂಬರಿಗಳನ್ನು ಗಟ್ಟಿಯಾಗಿ ಓದುವ ರೂಢಿ ಮಾಡಿದೆ. ಒಬ್ಬಳೂ ಉಸಿರೆತ್ತುತ್ತಿರಲಿಲ್ಲ, ಕೆಲಸ ಸರಸರ ಸಾಗುತ್ತಿತ್ತು.

ಕಳೆದ ವರ್ಷ ಒಬ್ಬ ಹೊಸ ಲೇಖಕಿ ಸಿಕ್ಕಳು. ಅವಳ ಮೊದಲ ಕಾದಂಬರಿ ಅದು. ಮಂಜಿನಲ್ಲಿ ಮುಳುಗಿದ ಬಂಗಲೆ, ಅದರ ಕಾವಲುಗಾರ, ನೆರಳಿಲ್ಲದ ಒಂದು ಆನೆ. ಆನೆ ಕಾವಲುಗಾರನನ್ನು ಸೊಂಡಿಲಿನಿಂದ ಎತ್ತಿ ಬಿಸಾಕಿ ಕೊಲ್ಲುವ ಕಂತು ಬಂತು. ನಮ್ಮ ಸಾಲಿನಲ್ಲಿ ಕೂರುವ ಒಬ್ಬಳ ಗಂಡನನ್ನು ಎರಡು ವರ್ಷದ ಹಿಂದೆ ತೋಟದೊಳಗೇ ಆನೆ ತುಳಿದಿತ್ತು. ಅವಳಿಗೆ ಪುಟ್ಟ ಮಗಳೊಬ್ಬಳು. ಇದೆಲ್ಲ ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ಕಥೆಗೆ ಎಷ್ಟು ಕಸುವಿದೆ ಎಂದು ಅವಳ ಮುಖದಲ್ಲಿ ನೋಡಬೇಕಿತ್ತು, ಓದಿದೆ.

ಅವಳು ಅಳಲಿಲ್ಲ. "ಎತ್ತಿ ಬಿಸಾಕೋದೆಲ್ಲ ಸುಳ್ಳು ರೈಟರಮ್ಮ," ಎಂದಳು. "ಕಾಲು ಇಟ್ಟು ಸುಮ್ನೆ ನಿಂತ್ಕೊಳ್ತದೆ. ನಾವು ಕೂಗಿದ್ರೆ ನಮ್ಮನ್ನೇ ನೋಡ್ತದೆ. ಕಾಲು ಮಾತ್ರ ತೆಗಿಯಲ್ಲ."

ನನ್ನ ಮೈ ಜುಮ್ಮೆಂದಿತು, ಖುಷಿಯಿಂದ. ಊಟದ ಹೊತ್ತಿಗೆ ಆ ಮಾತನ್ನು ಹಾಗೇ ಲೇಖಕಿಗೆ ಮೆಸೇಜ್ ಮಾಡಿದೆ. ಅವಳು ನೂರು ಥ್ಯಾಂಕ್ಸ್ ಹೇಳಿ ಕಂತನ್ನು ತಿದ್ದಿ ಹಾಕಿದಳು. ಮರುದಿನ ಅದನ್ನೂ ಓದಿದೆ.

"ಅಯ್ಯಯ್ಯೋ, ನಿನ್ನ ಗಂಡ ಕಣೇ ಇವ್ನು!" ಎಂದಳು ಸಾಲಿನ ಮುದುಕಿಯೊಬ್ಬಳು. ಅಲ್ಲಿಂದ ಕಾವಲುಗಾರ ಎಲ್ಲರಿಗೂ ಅವಳ ಗಂಡನೇ ಆಗಿಹೋದ.

ಅಂದು ಕೆಲಸ ಬಿಟ್ಟಾಗ ಅವಳು ನನ್ನನ್ನು ಕಾಫಿ ಒಣಗಿಸುವ ಕಣದ ಹತ್ತಿರ ತಡೆದಳು. "ಸತ್ತೋರು ಎದ್ದು ಬರೋ ಕಥೆ ಅಲ್ವಾ ನೀವು ಓದೋದು? ಬರಿಯೋರಿಗೆ ಒಂದು ಮಾತು ಹೇಳಿ ರೈಟರಮ್ಮ. ಅವ್ರನ್ನ ಪಿಶಾಚಿ ಮಾಡೋದು ಬೇಡ. ಮಲಗ್ಲಿ ಪಾಪ."

"ಹೇಳ್ತೀನಿ ಹೋಗಕ್ಕ," ಎಂದೆ. ಹೇಳಲಿಲ್ಲ. ಅವನು ಎದ್ದು ಬರದಿದ್ದರೆ ಕಥೆಯಲ್ಲಿ ಇನ್ನೇನಿದೆ, ಮಣ್ಣು? 'ಕಾವಲುಗಾರನನ್ನು ಬೇಗ ಎಬ್ಬಿಸಿ' ಎಂದು ಬರೆದೆ.

ಲೇಖಕಿ ಎಬ್ಬಿಸಿದಳು. ಅವನು ಬಾಗಿಲು ಮುರಿದು ನುಗ್ಗಿ, ಹೆತ್ತ ಮಗಳ ಕತ್ತಿಗೇ ಬಾಯಿ ಹಾಕಿದ. ಆ ಕಂತು ಓದಿದ ದಿನ ಊಟದ ಹೊತ್ತಿಗೆ, ಗಂಡ ಸತ್ತವಳು ಒಬ್ಬಳೇ ನನ್ನ ಬಳಿ ಬಂದು ಕೂತಳು.

"ಒಳಗೆ ಬರೋ ಮೊದ್ಲು ಏನಾದ್ರೂ ಕೂಗಿದ್ರಾ?"

"ಇಲ್ಲ. ಮಾತಿಲ್ಲ ಕಥೆಯಿಲ್ಲ, ಸೀದಾ ನುಗ್ಗಿದ."

ಅವಳ ಮುಖ ಅರಳಿತು. "ಹಾಗಾದ್ರೆ ನಮ್ಮೋರಲ್ಲ ಬಿಡಿ! ನಮ್ಮೋರು ಅಂಗಳಕ್ಕೆ ಕಾಲಿಡೋ ಮೊದ್ಲೇ 'ನೀರು ಕಾಯ್ತಾ?' ಅಂತ ಕೂಗೋರು. ಒಂದಿನಾನೂ ತಪ್ಪಿಲ್ಲ." ಗಂಡ ಸತ್ತ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ. ಅವಳು ಕೈ ತೊಳೆಯಲು ಎದ್ದು ಹೋದಳು. ನಾನು ಮೊಬೈಲ್ ತೆಗೆದು ಅದನ್ನೂ ಕಳಿಸಿದೆ.

ಮುಂದಿನ ಕಂತಿನಲ್ಲಿ ಸತ್ತವನು ಅಂಗಳದಾಚೆ ನಿಂತು, ಬಾಯಿಯ ರಕ್ತ ಒರೆಸಿಕೊಂಡು, "ನೀರು ಕಾಯ್ತಾ?" ಎಂದು ಕೂಗಿದ. ಆ ಸಾಲನ್ನು ನಾನು ಬೇಕೆಂದೇ ನಿಧಾನವಾಗಿ ಓದಿದೆ. ಬೀಜದ ರಾಶಿಯಲ್ಲಿ ಅವಳ ಕೈ ನಿಂತುಹೋಯಿತು.

"ಅದನ್ನ ನಿಮ್ಗೊಬ್ರಿಗೇ ಹೇಳಿದ್ದೆ," ಎಂದಳು. ಎದ್ದು ಹೋದವಳು ಮತ್ತೆ ಗೋದಾಮಿಗೆ ಬರಲಿಲ್ಲ, ಬಿಸಿಲಲ್ಲಿ ಕಳೆ ಕೀಳುವ ಕೆಲಸವನ್ನೇ ಕೇಳಿ ಪಡೆದಳು.

ಕಾದಂಬರಿ ಅದ್ಭುತವಾಗಿ ಮುಗಿಯಿತು, ಒಬ್ಬರೂ ಉಳಿಯಲಿಲ್ಲ. ನಾನು ಅದಕ್ಕೆ ಪೂರ್ತಿ ಐದು ಸ್ಟಾರ್ ಕೊಟ್ಟೆ. ಮೊನ್ನೆ ಆ ಮುದುಕಿ ಲೈನಿನ ಸುದ್ದಿ ಹೇಳುತ್ತಿದ್ದಳು. ಆನೆ ತುಳಿದವನ ಹೆಂಡತಿ ಈಗ ಸ್ನಾನದ ಒಲೆ ಹಚ್ಚುವುದಿಲ್ಲವಂತೆ. ನೀರು ಕಾದರೆ ಗಂಡ ಬರುತ್ತಾನೆಂದು ಈ ಚಳಿಯಲ್ಲೂ ಮಗಳಿಗೆ ತಣ್ಣೀರೇ ಸುರಿಯುತ್ತಾಳಂತೆ.