ಹಿಡಿಯ ಮೇಲಿನ ಕಚ್ಚು

ಕೋಳಿ ಕಾರ್ಖಾನೆಯಿಂದ ಮನೆಗೆ ಬಂದ ಕೂಡಲೇ ವೆಲ್ಡಾ ಟ್ಯಾಕೆಟ್ ಮಾಡುತ್ತಿದ್ದ ಮೊದಲ ಕೆಲಸ ಕೈ ತೊಳೆಯುವುದು. ಮೊದಲು ಸೋಪು, ಆಮೇಲೆ ನಿಂಬೆ, ಆಮೇಲೆ ಮತ್ತೆ ಸೋಪು. ಇಡೀ ದಿನ ಬೆಲ್ಟಿನ ಮೇಲೆ ತಣ್ಣಗೆ ಸಾಲುಗಟ್ಟಿ ಬರುವ ಕೋಳಿಗಳ ಮೂಳೆ ಬಿಡಿಸಿದ ಕೈ ಅದು. ಎಷ್ಟು ತಿಕ್ಕಿದರೂ ಆ ಹಸಿ ವಾಸನೆ ಉಗುರಿನ ಸಂದಿ ಬಿಟ್ಟು ಹೋಗುತ್ತಿರಲಿಲ್ಲ. ಎರಡನೆಯ ಕೆಲಸ ಅಪ್ಪನ ಉಗುಳಿನ ಡಬ್ಬಿ ಚೆಲ್ಲುವುದು. ಬೀನ್ಸ್ ಬರುವ ತಗಡಿನ ಡಬ್ಬಿ ಅದು, ಅರ್ಧದವರೆಗೆ ಹೊಗೆಸೊಪ್ಪಿನ ಕಂದು ರಸ. ಮುಖ ಅತ್ತ ತಿರುಗಿಸಿ, ಉಸಿರು ಬಿಗಿಹಿಡಿದು ಚೆಲ್ಲಿಬರುತ್ತಿದ್ದಳು. ಬದುಕಿನಲ್ಲಿ ಅವಳಿಗೆ ಅಸಹ್ಯವಾಗದ ಕೆಲಸ ಒಂದೂ ಸಿಕ್ಕಿರಲಿಲ್ಲ. ಆದರೂ ಬಿಟ್ಟುಹೋದವಳಲ್ಲ.

ಅಮೆರಿಕದ ಅರ್ಕಾನ್ಸಾಸ್‌ನ ಆ ಬೆಟ್ಟದೂರಿನಲ್ಲಿ ಅವಳಪ್ಪ ಓರ್ವಲ್ ಟ್ಯಾಕೆಟ್ ಅಂದರೆ ಒಂದು ಕಾಲದಲ್ಲಿ ಮರದ ಮಿಲ್ಲನ್ನೇ ನಡುಗಿಸಿದ ಆಳು. ಈಗ ನೆನಪು ಹಳೇ ಸ್ವೆಟರಿನ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಸತ್ತುಹೋದ ಹೆಂಡತಿ ಐನಾಳನ್ನು ಬೆಳಿಗ್ಗೆ ಕಾಫಿಗೆ ಕರೆಯುತ್ತಿದ್ದ. ಮಗಳನ್ನು ಒಮ್ಮೆ ತಂಗಿ ಅನ್ನುತ್ತಿದ್ದ, ಒಮ್ಮೆ ನರ್ಸ್ ಅನ್ನುತ್ತಿದ್ದ. ಮರೆಯದೆ ಉಳಿದದ್ದು ಒಂದೇ, ತೊಡೆಯ ಪಕ್ಕದ ರಿವಾಲ್ವರ್. ಅದರ ಮರದ ಹಿಡಿಯ ಎಡಮಗ್ಗುಲಲ್ಲಿ ಒಂದು ಕಚ್ಚು ಇತ್ತು. ಕೋಳಿಗೂಡಿನಲ್ಲಿ ಹಾವು ಕಂಡಾಗ ಐನಾ ಗುಂಡು ಹೊಡೆಯುವುದು ಬಿಟ್ಟು ರಿವಾಲ್ವರನ್ನೇ ಹಾವಿನ ಮೇಲೆ ಎಸೆದಿದ್ದಳು. ಅದು ಕಲ್ಲಿಗೆ ಬಡಿದು ಆದ ಕಚ್ಚು. ಓರ್ವಲ್ ದಿನವಿಡೀ ಹೆಬ್ಬೆರಳಿನಿಂದ ಅದನ್ನೇ ಸವರುತ್ತ ಕೂತಿರುತ್ತಿದ್ದ.

ಒಂದು ಸಂಜೆ ವೆಲ್ಡಾ ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ತೆಗೆದು ಬಗ್ಗಿದ್ದಳು. ಹಿಂದಿನಿಂದ ಅಪ್ಪನ ದನಿ.

"ಯಾರೇ ನೀನು? ನನ್ ಮನೇಲಿ ಏನ್ ಕದಿಯಕ್ ಬಂದಿದೀಯ?"

ತಿರುಗಿ ನೋಡುವಷ್ಟರಲ್ಲಿ ಗುಂಡು ಫ್ರಿಜ್ ಬಾಗಿಲನ್ನು ತೂರಿ ಹಾಲಿನ ಡಬ್ಬ ಒಡೆದಿತ್ತು. ಹಾಲು ಅವಳ ಕಾಲ ಮೇಲೆಲ್ಲ ಹರಿಯಿತು. ಕಿವಿ ಗುಂಯ್ ಅನ್ನುತ್ತಿದ್ದಂತೆ ಅವಳು ಅಲ್ಲೇ ಕುಸಿದು ಕೂತಳು. ಓರ್ವಲ್ ಹತ್ತಿರ ಬಂದು, ಮೆತ್ತಗೆ, "ಹಾಲ್ ಚೆಲ್ಬಿಟ್ಯಲ್ಲ ಮಗಳೇ" ಅಂದ.

ಫ್ರಿಜ್ಜಿನ ತೂತಿನ ಮೇಲೆ ವೆಲ್ಡಾ ಹುಂಜದ ಚಿತ್ರದ ಅಯಸ್ಕಾಂತ ಅಂಟಿಸಿದಳು. ತಮ್ಮ ಡ್ಯಾರೆಲ್ ಬಂದು ಹುಂಜವನ್ನು ಎತ್ತಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ನಮ್ಮಪ್ಪ ಇನ್ನೂ ಗುರಿ ತಪ್ಪಿಲ್ಲ ಕಣಕ್ಕ. ಫ್ರಿಜ್ಜನ್ನೇ ಬೇಟೆ ಆಡವ್ನೆ."

"ನಾನಲ್ ನಿಂತಿದ್ದೆ ಡ್ಯಾರೆಲ್. ಅದ್ನ ನಿಮ್ಮನೆಗ್ ತಗೊಂಡೋಗು."

"ಗಂಡಸಿನ್ ಕೈಯಿಂದ ಗನ್ ಕಿತ್ಕೊಂಡ್ರೆ ಇನ್ನೇನ್ ಉಳೀತದೆ? ಮರ್ಯಾದೆ ಬೇಡ್ವಾ ಅವ್ನಿಗೆ?"

ಆ ಮರ್ಯಾದೆ ಅನ್ನುವ ಮಾತು ಕೇಳಿ ಕೇಳಿ ಅವಳಿಗೆ ವಾಕರಿಕೆ ಬಂದಿತ್ತು. ಗುಂಡುಗಳನ್ನು ಬಚ್ಚಿಟ್ಟಳು. ಅಪ್ಪ ಫೋನ್ ಮಾಡಿ ಗೋಳಾಡಿದ, ಡ್ಯಾರೆಲ್ ಗುಂಡುಗಳ ಹೊಸ ಪೆಟ್ಟಿಗೆ ತಂದುಕೊಟ್ಟು ಅಕ್ಕನಿಗೇ ಬೈದುಹೋದ. ರಿವಾಲ್ವರನ್ನೇ ಬಚ್ಚಿಟ್ಟಳು. ಅಪ್ಪ ಊಟ ಬಿಟ್ಟ, ಕಳ್ಳತನವಾಗಿದೆ ಅಂತ ಪೊಲೀಸರಿಗೆ ದೂರು ಕೊಟ್ಟ. ಡೆಪ್ಯುಟಿ ಗ್ರೇಡಿ ಬಂದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅದು ಅವ್ರ ಸ್ವತ್ತು ವೆಲ್ಡಕ್ಕ. ಅವ್ರಾಗೇ ಕೊಟ್ರೆ ತಗೊಂಡೋಗ್ತೀನಿ, ಕಿತ್ಕೊಳ್ಳಕ್ಕೆ ನಂಗ್ ಆಗಲ್ಲ" ಅಂದವನು ಫ್ರಿಜ್ಜಿನ ಮೇಲಿನ ಹುಂಜದ ಕಡೆ ಕಣ್ಣು ಹಾಯಿಸಲೂ ಇಲ್ಲ. ರಿವಾಲ್ವರ್ ಮತ್ತೆ ಅಪ್ಪನ ತೊಡೆಯ ಪಕ್ಕ ಸೇರಿತು.

ಕೊನೆಗೊಂದು ದಿನ ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅವಳು ಅದನ್ನು ಶೆಡ್ಡಿನ ಸಿಮೆಂಟ್ ಕಟ್ಟೆಯ ಮೇಲಿಟ್ಟು, ಸೌದೆ ಸೀಳುವ ಸುತ್ತಿಗೆಯಿಂದ ಬಡಿದಳು. ನಳಿಗೆ ಸೊಟ್ಟಗಾಯಿತು, ಗುಂಡಿನ ಉರುಳೆ ಕಚ್ಚಿಕೊಂಡಿತು, ಗುಂಡು ಹಾರಿಸುವ ಕುದುರೆ ಮುರಿದು ಹಾರಿತು. ಹಿಡಿಗೆ ಮಾತ್ರ ಏಟು ಬೀಳದ ಹಾಗೆ ನೋಡಿಕೊಂಡಳು. ಅದು ಅಮ್ಮನದಲ್ಲವೇ. ಎದ್ದ ಅಪ್ಪನಿಗೆ, "ನೀನೇ ಬೀಳಿಸ್ಕೊಂಡೆ, ಡ್ಯಾರೆಲ್‌ನ ಗಾಡಿ ಅದರ ಮೇಲೇ ಹೋಯ್ತು" ಅಂದಳು. ಅವನು ನಂಬಿದ. ಮುರಿದ ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡು, ಕಚ್ಚು ಸವರುತ್ತ, ಶಾಂತವಾಗಿ ಕೂತ. ಅವತ್ತು ವೆಲ್ಡಾ ಎಷ್ಟೋ ದಿನದ ಮೇಲೆ ಅಪ್ಪನಿಗೆ ಬೆನ್ನು ತಿರುಗಿಸಿ ಅಡುಗೆ ಮಾಡಿದಳು.

ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಭಾನುವಾರ ಚರ್ಚ್ ಮುಗಿಸಿ ಬಂದ ಡ್ಯಾರೆಲ್ ಹುರಿದ ಬೆಕ್ಕುಮೀನು ತಿಂದು, ಬೆರಳು ನೆಕ್ಕುತ್ತ, "ಅಪ್ಪಾ, ಇದಕ್ಕೆ ಜೀವಮಾನದ ಗ್ಯಾರಂಟಿ ಇದೆ ಕಣೋ" ಅಂದ. ಅಂದವನೇ ಮರುದಿನ ರಿವಾಲ್ವರ್ ಕಂಪನಿಗೆ ಫೋನ್ ಹಚ್ಚಿ ಅಪ್ಪನ ಕೈಗೆ ಕೊಟ್ಟ.

ಫೋನೆತ್ತಿದವಳು ಕ್ಯಾಂಡಿಸ್ ಅಂತ. ಪಾಕದಲ್ಲಿ ಅದ್ದಿ ತೆಗೆದಂಥ ದನಿ.

"ಅಯ್ಯೋ ಟ್ಯಾಕೆಟ್ ಸಾರ್, ಗಾಡಿ ಹತ್ತಿಬಿಡ್ತಾ? ಏನೂ ಯೋಚ್ನೆ ಮಾಡ್ಬೇಡಿ. ಕಳಿಸೋ ಖರ್ಚೂ ನಮ್ದೇ, ರಿಪೇರಿನೂ ನಮ್ದೇ."

ಹತ್ತು ನಿಮಿಷಕ್ಕೆ ಓರ್ವಲ್‌ಗೆ ಮರೆತುಹೋಯಿತು. ಮತ್ತೆ ಫೋನ್ ಮಾಡಿದ, ಮತ್ತೆ ಅದೇ ಕಥೆ ಮೊದಲಿಂದ ಹೇಳಿದ. ಕ್ಯಾಂಡಿಸ್ ಮೊದಲ ಸಲ ಕೇಳುವವಳ ಹಾಗೆ "ಅಯ್ಯೋ" ಅಂದಳು. ಹಾವಿನ ಕಥೆಯನ್ನೂ ಕೇಳಿ ನಕ್ಕಳು. ಸಂಜೆಯೊಳಗೆ ಅವನು ಇನ್ನೂ ಎಷ್ಟು ಸಲ ಮಾಡಿದನೋ, ಅವಳು ಒಂದು ಸಲವೂ ಬೇಸರಿಸಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಆಡುವ ಮುದುಕನ ಕೈಗೆ ತಾನು ಏನು ಕೊಡಲು ಹೊರಟಿದ್ದೇನೆ ಅಂತ ಆ ಹೆಣ್ಣಿಗೆ ಒಂದು ಕ್ಷಣವಾದರೂ ಅನುಮಾನ ಬರಬೇಡವೇ? ಪಾತ್ರೆ ತಿಕ್ಕುತ್ತಿದ್ದ ವೆಲ್ಡಾಗೆ ಆ ಸಿಹಿ ದನಿ ಗಂಟಲಲ್ಲಿ ಕೊಬ್ಬಿನ ಹಾಗೆ ಕಟ್ಟಿಕೊಂಡಿತು.

ಕಂಪನಿಯಿಂದ ಖಾಲಿ ಪೆಟ್ಟಿಗೆ ಬಂತು. ರಿವಾಲ್ವರ್ ಹಾಕಿ ಕಳಿಸುವ ಕೆಲಸ ವೆಲ್ಡಾಗೆ ಬಂತು. ಅವಳು ಅದನ್ನು ಪೆಟ್ಟಿಗೆ ಸಮೇತ ದೊಡ್ಡ ಫ್ರೀಜರಿನಲ್ಲಿ, ಜಿಂಕೆ ಮಾಂಸದ ಪೊಟ್ಟಣಗಳ ತಳಕ್ಕೆ ಹೂತಿಟ್ಟಳು. ಅಲ್ಲಿಗೂ ಬಿಡಲಿಲ್ಲ ಕ್ಯಾಂಡಿಸ್. "ಪಾರ್ಸೆಲ್ ಇನ್ನೂ ನಮಗೆ ತಲುಪಿಲ್ಲ ಸಾರ್, ನಿಮ್ಮ ಬಾಗಿಲಿಗೇ ಜನ ಕಳಿಸ್ತೀನಿ" ಅಂತ ಅವಳಾಗೇ ಫೋನ್ ಮಾಡಿದಳು. ಡ್ಯಾರೆಲ್ ಹುಡುಕಿ ತೆಗೆದ. ಹಿಮ ಹಿಡಿದ ಪೆಟ್ಟಿಗೆಯನ್ನು ಅಕ್ಕನ ಮುಖದ ಮುಂದೆ ಹಿಡಿದ.

"ಏನಕ್ಕ, ಗನ್ ಸಾರು ಮಾಡ್ತಿದ್ಯಾ?"

"ಒಂದಿನ ನಾನೇ ಆ ಫ್ರೀಜರ್‌ನಲ್ಲಿರ್ತೀನಿ. ಆವಾಗ್ ಬಂದ್ ನಗು."

ಡ್ಯಾರೆಲ್ ನಗಲಿಲ್ಲ, ಆದರೆ ಪೆಟ್ಟಿಗೆಯನ್ನು ಬಾಗಿಲಿಗೆ ಬಂದವನ ಕೈಗಿಟ್ಟ.

ಮೂರು ವಾರಕ್ಕೆ ಅದು ತಿರುಗಿ ಬಂತು. ಡ್ಯಾರೆಲ್ ಕೆಲಸ ಮುಗಿಸಿ ಬರುವುದಕ್ಕೆ ಮುಂಚೆಯೇ ಬಂತು, ಸಹಿ ಹಾಕಿದವಳು ವೆಲ್ಡಾ. ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಹೊಸ ನಳಿಗೆ, ಹೊಸ ಉರುಳೆ, ಮೈಯೆಲ್ಲ ಮದುಮಗನ ಬೂಟಿನ ಹಾಗೆ ಮಿಂಚುತ್ತಿತ್ತು. ಕಂಪನಿಯ ಟೋಪಿ ಒಂದು, ಕ್ಯಾಂಡಿಸ್ ಕೈಯಾರೆ ನಗುಮುಖ ಬರೆದ ಕಾರ್ಡು ಒಂದು. ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹಳೆಯ ಹಿಡಿಯ ಎರಡು ಮರದ ತುಂಡು. ರಿವಾಲ್ವರಿಗೆ ಕೂಡಿಸಿದ್ದು ಹೊಸ ಹಿಡಿ, ಬೆಣ್ಣೆಯಂತೆ ನುಣುಪು. ಕಚ್ಚು ಇಲ್ಲ.

ಹೊರಗೆ ಡ್ಯಾರೆಲ್‌ನ ಗಾಡಿಯ ಸದ್ದಾಯಿತು. ವೆಲ್ಡಾ ಚೀಲವನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟಳು. ಯಾಕೆ ಅಂತ ಅವಳಿಗೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ಓರ್ವಲ್ ಎರಡೂ ಕೈ ಚಾಚಿ ರಿವಾಲ್ವರ್ ತೆಗೆದುಕೊಂಡ. ಹೆಬ್ಬೆರಳು ತನ್ನ ಜಾಗ ಹುಡುಕಿಕೊಂಡು ಹೋಯಿತು. ಹೋಯಿತು, ಬಂತು, ಮತ್ತೆ ಹೋಯಿತು. ಮುಖ ಗಂಟಾಯಿತು.

"ಇದ್ಯಾರ್ದು?"

"ನಿಂದೇ ಅಪ್ಪಾ. ಹೆಂಗೆ ಹೊಸದ್ ಮಾಡವ್ರೆ ನೋಡು" ಅಂದ ಡ್ಯಾರೆಲ್.

"ನಂದಲ್ಲ. ನಿಮ್ಮಮ್ಮ ಹಾವಿಗೆಸ್ದಿದ್ ಗುರುತೆಲ್ಲಿ? ಯಾರೋ ಸಾಹುಕಾರಂದಿದು. ಪಾಪ, ಅವ್ನು ಕಾಯ್ತಿರ್ತಾನೆ." ಕೊಳಕು ಮುಟ್ಟಿದವನ ಹಾಗೆ ಅದನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದ. "ಬೇರೆಯವರ ವಸ್ತು ನನ್ ಮನೇಲಿ ಬ್ಯಾಡ."

ಡ್ಯಾರೆಲ್ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದ. ಕಾಗದದ ಚೂರುಗಳು ಉದುರಿದವು. "ಹಳೇ ಸಾಮಾನು ವಾಪಸ್ ಕಳಿಸ್ತೀವಿ ಅಂದಿದ್ರಲ್ಲ ಅವರು. ಅಕ್ಕಾ, ಇದರಲ್ಲೊಂದ್ ಚೀಲ ಇರಲಿಲ್ವಾ?"

ಜೇಬಿನೊಳಗೆ ವೆಲ್ಡಾಳ ಹೆಬ್ಬೆರಳು ಕಚ್ಚಿನ ಮೇಲೇ ಇತ್ತು. ಅಪ್ಪ ಅವಳನ್ನೇ ನೋಡುತ್ತಿದ್ದ, ಏನನ್ನೋ ಬೇಡುವ ಕಣ್ಣಿನಿಂದ.

"ಇರಲಿಲ್ಲ" ಅಂದಳು.

ಡೆಪ್ಯುಟಿ ಗ್ರೇಡಿಗೆ ಫೋನ್ ಮಾಡಿದವಳೂ ಅವಳೇ. ಅವನು ಬಂದು, ಟೋಪಿ ತೆಗೆದು, "ಟ್ಯಾಕೆಟ್ ಮಾವ, ಇದು ನಿಮ್ದಾ?" ಅಂತ ಕೇಳಿದ.

"ನಂದಲ್ಲ ಅಂತ ಎಷ್ಟ್ ಸಲ ಹೇಳ್ಲಿ? ತಗೊಂಡೋಗಿ ಯಾರ್ದೋ ಅವ್ರಿಗ್ ಕೊಡಪ್ಪ."

ಈ ಸಲ ಗ್ರೇಡಿ ಫ್ರಿಜ್ಜಿನ ಹುಂಜವನ್ನು ನೋಡಿದ. ಆಮೇಲೆ ವೆಲ್ಡಾಳ ಏಪ್ರನ್ನಿನ ಉಬ್ಬಿದ ಜೇಬನ್ನು ನೋಡಿದ. "ನೀವಾಗೇ ಕೊಟ್ಟಿದ್ದೀರಿ. ಡ್ಯಾರೆಲ್, ನೀನೂ ಕೇಳಿಸ್ಕೊಂಡಲ್ಲ" ಅಂದು ರಿವಾಲ್ವರ್ ಎತ್ತಿಕೊಂಡು ಹೋದ. ಡ್ಯಾರೆಲ್ ಕಂಪನಿಯ ಟೋಪಿಯನ್ನು ತಾನು ಹಾಕಿಕೊಂಡು ಮನೆಗೆ ಹೋದ.

ಮರುದಿನ ವೆಲ್ಡಾ ಆ ಮರದ ತುಂಡುಗಳನ್ನು ಕಾರ್ಖಾನೆಗೆ ಒಯ್ದಳು. ಕರುಳು, ಕೊಬ್ಬು, ಪುಕ್ಕ ಸುರಿಯುವ ಕಾಲುವೆಯ ಮುಂದೆ ನಿಂತು, ಅಮ್ಮನ ಕಚ್ಚನ್ನು ಕೊನೆಯ ಸಲ ಸವರಿ, ಅದರೊಳಕ್ಕೆ ಬಿಟ್ಟಳು. ಕೆಂಪು ಲೋಳೆ ಅದನ್ನು ನುಂಗಿಕೊಂಡಿತು. ಅವತ್ತು ಮೊದಲ ಬಾರಿಗೆ ಅವಳಿಗೆ ಕೋಳಿಗಿಂತ ತನ್ನ ಕೈಯೇ ಹೆಚ್ಚು ನಾರುತ್ತಿದೆ ಅನ್ನಿಸಿತು.

ಸಂಜೆ ಜಗಲಿಯಲ್ಲಿ ಫೋನ್ ಬಡಿದುಕೊಂಡಿತು. ಓರ್ವಲ್ ಎತ್ತಿಕೊಂಡ.

"ಇಲ್ಲಮ್ಮ, ಇನ್ನೂ ಬಂದಿಲ್ಲ. ನೀವ್ ಒಳ್ಳೆ ಜನ, ಕಳಿಸ್ತೀರ, ನಂಗೊತ್ತು."

"ಬಂದಿಲ್ವಾ ಸಾರ್? ಈಗ್ಲೇ ವಿಚಾರಿಸ್ತೀನಿ ಇರಿ" ಅನ್ನುತ್ತಿತ್ತು ಆ ಪಾಕದ ದನಿ. ವೆಲ್ಡಾ ಓಡಿಬಂದು ಫೋನ್ ಕಸಿದುಕೊಂಡಳು.

"ಬಂದಿದೆ. ಅಪ್ಪನಿಗೆ ಮರೆವು."

"ಓ, ಒಳ್ಳೇದಾಯ್ತು ಮೇಡಮ್. ನಮ್ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರ?"

ಕೊಬ್ಬಿನ ಗಂಟು ಮತ್ತೆ ಗಂಟಲಿಗೆ ಬಂತು. "ಹತ್ತು" ಅಂದಳು ವೆಲ್ಡಾ.

"ತುಂಬಾ ಥ್ಯಾಂಕ್ಸ್ ಮೇಡಮ್. ಅದು ಮತ್ತೆ ಕೆಟ್ರೆ, ಯಾವಾಗ ಬೇಕಾದ್ರೂ ಫೋನ್ ಮಾಡಿ."

ಫೋನ್ ಇಟ್ಟು ಸುತ್ತ ನೋಡಿದಳು. ಓರ್ವಲ್ ಖಾಲಿ ಹೆಬ್ಬೆರಳನ್ನು ತೊಡೆಗೆ ಉಜ್ಜುತ್ತ ರಸ್ತೆಯ ಕಡೆ ಕಣ್ಣಿಟ್ಟಿದ್ದ. ವೆಲ್ಡಾ ಬಗ್ಗಿ ಅಪ್ಪನ ಬೀನ್ಸ್ ಡಬ್ಬಿ ಎತ್ತಿಕೊಂಡು, ಮುಖ ತಿರುಗಿಸದೆ, ಅದರೊಳಕ್ಕೆ ಉಗುಳಿದಳು.

ಓರ್ವಲ್ ಅವಳಿಗೆ ಕೂರಲು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. "ಯಾವಾಗಿಂದ್ ಶುರು ಮಾಡ್ದೆ ಮಗಳೇ ಹೊಗೆಸೊಪ್ಪು?" ಅಂದ.